ಹಲವು ವಿಷಯದ ಪದವಿಗೆ ಬೆಲೆ ಎಷ್ಟು?

ಒಂದು ಪದವಿಯ ಹಣಕಾಸಿನ ಮೌಲ್ಯ ಅಂದರೆ, ಅದಕ್ಕೆ ಹಾಕಿದ ದುಡ್ಡು ಮತ್ತು ವರ್ಷಗಳಿಗೆ ಬದಲಾಗಿ ಮುಂದೆ ಕೈಗೆ ಬರುವ ಹೆಚ್ಚಿನ ಆದಾಯ. ನರ್ಸಿಂಗ್, ಎಂಜಿನಿಯರಿಂಗ್, ಕಾನೂನು ಓದಿದವರಿಗೆ ಈ ಲೆಕ್ಕ ಸಲೀಸು. ಓದಿದ್ದು ಯಾವ ಕೆಲಸಕ್ಕೆ ಎಂಬುದು ಪದವಿಯ ಹೆಸರಿನಲ್ಲೇ ಇರುತ್ತದೆ. ಎರಡು ಮೂರು ಶಿಸ್ತುಗಳನ್ನು ಕೂಡಿಸಿ ಓದುವ ಅಂತರ್‌ಶಿಸ್ತೀಯ ಪದವಿಗೆ ಆ ಅನುಕೂಲವಿಲ್ಲ. ಅದರ ಬೆಲೆ ಕಟ್ಟಬೇಕಾದರೆ ಓದುವವರ ಊರು, ಮನೆಯ ಕೆಲಸ, ನೇಮಕಾತಿ ನಿಯಮ, ಮುಂದಿನ ಓದಿನ ಆಸೆ ಎಲ್ಲವನ್ನೂ ಲೆಕ್ಕಕ್ಕೆ ತರಬೇಕು.

ಉಳವಿಯಂಥ ಊರಿನಲ್ಲಿ ಈ ಲೆಕ್ಕ ಪ್ರತಿ ವರ್ಷ ಪಿಯುಸಿ ಫಲಿತಾಂಶದ ಬೆನ್ನಿಗೇ ಶುರುವಾಗುತ್ತದೆ. ಚನ್ನಬಸವಣ್ಣನ ಉಳವಿ ಬೇರೆ, ಅದು ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನದು. ಈ ಉಳವಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಹೋಬಳಿ ಕೇಂದ್ರ. ಸುತ್ತ ಅಡಿಕೆ ತೋಟ, ಗದ್ದೆ, ಶುಂಠಿ, ಮೆಕ್ಕೆಜೋಳ. ಇಲ್ಲಿಂದ ಪದವಿಗೆ ಹೊರಡುವವರ ಮುಂದೆ ಸೊರಬದ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಇದೆ, ಸಾಗರದ ಲಾಲ್‌ಬಹದ್ದೂರ್ ಕಾಲೇಜು ಮತ್ತು ಇಂದಿರಾಗಾಂಧಿ ಸರ್ಕಾರಿ ಮಹಿಳಾ ಕಾಲೇಜು ಇವೆ, ಶಿಕಾರಿಪುರದ ಸರ್ಕಾರಿ ಕಾಲೇಜು ಇದೆ. ಇನ್ನೂ ಆಚೆ ಹೋಗುವವರಿಗೆ ಶಿವಮೊಗ್ಗದ ಸಹ್ಯಾದ್ರಿ ಕಾಲೇಜು. ಇವೆಲ್ಲ 1987ರಲ್ಲಿ ಹುಟ್ಟಿದ, ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಯವು.

ಅಂತರ್‌ಶಿಸ್ತೀಯ ಎಂಬ ಮಾತು ಹೊಸದಾಗಿ ಕೇಳಿಸಿದರೂ ಕರ್ನಾಟಕದ ಬಿ.ಎ. ಹಿಂದಿನಿಂದಲೂ ಒಂಟಿ ವಿಷಯದ ಪದವಿಯಾಗಿರಲಿಲ್ಲ. ‘ನಿಂದು ಯಾವ ಕಾಂಬಿನೇಷನ್’ ಎಂದು ಕೇಳಿದರೆ ಬರುತ್ತಿದ್ದ ಉತ್ತರ ಎಚ್‌ಇಪಿ, ಎಚ್‌ಇಎಸ್, ಎಚ್‌ಇಕೆ. ಇತಿಹಾಸ ಮತ್ತು ಅರ್ಥಶಾಸ್ತ್ರದ ಜತೆಗೆ ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಅಥವಾ ಕನ್ನಡ. ಮೂರೂ ವಿಷಯಕ್ಕೆ ಸರಿಸಮ ತೂಕ. ವಿಜ್ಞಾನದವರಿಗೆ ಪಿಸಿಎಂ (ಭೌತ, ರಸಾಯನ, ಗಣಿತ), ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿ ವಿಜ್ಞಾನ). ಒಂದೇ ವಿಷಯದಲ್ಲಿ ಆನರ್ಸ್ ಮಾಡುವ ದೆಹಲಿ, ಕೋಲ್ಕತ್ತದ ಪದ್ಧತಿ ಇಲ್ಲಿ ಬೇರೂರಲಿಲ್ಲ. ಹಾಗಾಗಿ ಮೂರು ವಿಷಯದ ಪದವಿಯಿಂದ ಹೊಟ್ಟೆ ತುಂಬುತ್ತದೆಯೇ ಎಂಬ ಪ್ರಶ್ನೆ ಸೊರಬ ಸೀಮೆಯ ಮನೆಗಳಿಗೆ ಹಳೆಯದೇ.

ಆದರೆ ಮೂರು ವಿಷಯ ಓದಿದ ಮಾತ್ರಕ್ಕೆ ಪದವಿ ಅಂತರ್‌ಶಿಸ್ತೀಯ ಆಗುವುದಿಲ್ಲ. ಇತಿಹಾಸದ ಮೇಷ್ಟ್ರು ಒಂದು ಕೋಣೆಯಲ್ಲಿ ಶಿವಪ್ಪನಾಯಕನ ಶಿಸ್ತು ಹೇಳುತ್ತಾರೆ: ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಅರಸ ಭೂಮಿಯನ್ನು ಅದರ ಗುಣ ಮತ್ತು ಫಸಲಿಗೆ ತಕ್ಕಂತೆ ವಿಂಗಡಿಸಿ ಕಂದಾಯ ಗೊತ್ತುಮಾಡಿದ ಬಗೆ. ಪಕ್ಕದ ಕೋಣೆಯಲ್ಲಿ ಅರ್ಥಶಾಸ್ತ್ರದವರು ಗೇಣಿ ಮತ್ತು ಭೂಮಿಯ ಆದಾಯದ ಸಿದ್ಧಾಂತ ಬರೆಸುತ್ತಾರೆ. ಮಧ್ಯಾಹ್ನ ರಾಜ್ಯಶಾಸ್ತ್ರದ ತರಗತಿಯಲ್ಲಿ 1951ರಲ್ಲಿ ಗೇಣಿದಾರರು ನಡೆಸಿದ ಕಾಗೋಡು ಸತ್ಯಾಗ್ರಹವೂ ದೇವರಾಜ ಅರಸು ಕಾಲದ 1974ರ ಭೂಸುಧಾರಣಾ ತಿದ್ದುಪಡಿಯೂ ಬರುತ್ತವೆ. ಕಾಗೋಡು ಪಕ್ಕದ ಸಾಗರ ತಾಲ್ಲೂಕಿನ ಊರು. ಮೂರೂ ಪಾಠ ಒಂದೇ ನೆಲದ ಬಗ್ಗೆ. ಉಳವಿಯ ವಿದ್ಯಾರ್ಥಿಯ ಅಜ್ಜ ಬಹುಶಃ ಅದೇ ನೆಲವನ್ನು ಗೇಣಿಗೆ ಉತ್ತವನು. ಮೂರೂ ಪಾಠವನ್ನು ಒಟ್ಟಿಗಿಟ್ಟು, ತನ್ನೂರಿನ ಪಹಣಿಯನ್ನು ಮುಂದೆ ಹರಡಿಕೊಂಡು ಹತ್ತು ಪುಟದ ವರದಿ ಬರೆಯಲು ಅವನಿಗೆ ಬಂದರೆ ಅದು ಅಂತರ್‌ಶಿಸ್ತೀಯ ಓದು. ಮೂರು ನೋಟ್‌ಬುಕ್, ಮೂರು ಪ್ರಶ್ನೆಪತ್ರಿಕೆ, ಮೂರು ಬೇರೆ ಬೇರೆ ಬಾಯಿಪಾಠವಾಗಿ ಉಳಿದರೆ ಅದು ಬರೀ ಬಹುವಿಷಯದ ಓದು. ಅಂಕಪಟ್ಟಿಯಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಸಂಪಾದನೆಯಲ್ಲಿ ಮುಂದೆ ಕಾಣುವ ವ್ಯತ್ಯಾಸಕ್ಕೆ ದೊಡ್ಡ ಕಾರಣ ಇದೇ.

ಈ ನಡುವೆ ಪದವಿಯ ರಚನೆಯೂ ಎರಡು ಸಲ ಬದಲಾಯಿತು. ರಾಷ್ಟ್ರೀಯ ಶಿಕ್ಷಣ ನೀತಿ 2020ನ್ನು ಜಾರಿಗೆ ತರಲು 2021ರ ಆಗಸ್ಟ್‌ನಲ್ಲಿ ಆದೇಶ ಹೊರಡಿಸಿದ ದೇಶದ ಮೊದಲ ರಾಜ್ಯ ಕರ್ನಾಟಕ. ಮೂರು ವಿಷಯದ ಜಾಗದಲ್ಲಿ ಎರಡು ಬಂದವು. ಉಳಿದ ಜಾಗವನ್ನು ಮುಕ್ತ ಆಯ್ಕೆಯ ವಿಷಯ, ಡಿಜಿಟಲ್ ಫ್ಲುಯೆನ್ಸಿ, ಪರಿಸರ ಅಧ್ಯಯನ, ಕೌಶಲ ವಿಷಯಗಳು ತುಂಬಿದವು. ವಿಜ್ಞಾನದ ಹುಡುಗಿ ಕಲಾ ವಿಭಾಗದ ಪತ್ರಿಕೆ ತೆಗೆದುಕೊಳ್ಳಬಹುದಾಯಿತು. ಒಂದು ವರ್ಷಕ್ಕೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್ ಎಂಬ ಮೆಟ್ಟಿಲು ಬಂತು. ಸರ್ಕಾರ ಬದಲಾದ ಮೇಲೆ, ಪ್ರೊ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಆಧಾರದಲ್ಲಿ, 2024ರ ಮೇ ತಿಂಗಳಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. 2021–22ರಿಂದ 2023–24ರವರೆಗೆ ಸೇರಿದವರಿಗೆ ಬೇಕಿದ್ದರೆ ನಾಲ್ಕನೆಯ ವರ್ಷ ಓದುವ ಅವಕಾಶ ಉಳಿಯಿತು. ಹೀಗೆ ಒಂದೇ ಮನೆಯ ಅಕ್ಕ, ತಮ್ಮ ಎರಡು ವರ್ಷದ ಅಂತರದಲ್ಲಿ ಎರಡು ಬೇರೆ ರಚನೆಯ ಬಿ.ಎ. ಓದುವಂತಾಯಿತು. ನೀತಿ ಬದಲಿಸಿದವರು ಯಾರೇ ಇರಲಿ, ಎರಡೂ ಅಂಕಪಟ್ಟಿಗಳನ್ನು ಮುಂದಿನ ಇಪ್ಪತ್ತು ವರ್ಷ ಸಂದರ್ಶನದ ಮೇಜಿನ ಮೇಲೆ ವಿವರಿಸುವ ಹೊರೆ ಈ ಮಕ್ಕಳ ಮೇಲಿದೆ. ಇದು ನ್ಯಾಯವಲ್ಲ.

ಇನ್ನು ಖರ್ಚಿನ ಕಡೆ. ಸರ್ಕಾರಿ ಪದವಿ ಕಾಲೇಜಿನ ಬಿ.ಎ. ಶುಲ್ಕ ವರ್ಷಕ್ಕೆ ಕೆಲವೇ ಸಾವಿರ. ಮನೆಯವರು ಮೊದಲು ಕೇಳುವುದು ಅದನ್ನೇ, ಆದರೆ ಒಟ್ಟು ಲೆಕ್ಕದಲ್ಲಿ ಅದು ತೀರ ಚಿಕ್ಕ ಬಾಬ್ತು. ದೊಡ್ಡದು ದುಡಿಮೆ ಬಿಟ್ಟ ನಷ್ಟ. 2025–26ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಹದಿನೆಂಟು ತುಂಬಿದ ಒಬ್ಬರು ಇದೇ ದರದಲ್ಲಿ ವರ್ಷಕ್ಕೆ 200 ದಿನ ದುಡಿಯಬಹುದಿತ್ತು ಎಂದಿಟ್ಟುಕೊಂಡರೆ ಒಂದು ವರ್ಷದ ಓದಿಗೆ 74,000 ರೂಪಾಯಿ ಬಿಟ್ಟುಕೊಟ್ಟಂತೆ. ಮೂರು ವರ್ಷಕ್ಕೆ 2,22,000. ಊರು ಬಿಟ್ಟು ಬಾಡಿಗೆ ರೂಮಿನಲ್ಲಿದ್ದು ತಿಂಗಳಿಗೆ 5,000 ಖರ್ಚಾದರೆ ಹತ್ತು ತಿಂಗಳಿಗೆ 50,000, ಮೂರು ವರ್ಷಕ್ಕೆ ಒಂದೂವರೆ ಲಕ್ಷ. ಒಟ್ಟು 3,72,000.

ಅಡಿಕೆ ಸೀಮೆಯಲ್ಲಿ ಈ ನಷ್ಟ ವರ್ಷವಿಡೀ ಒಂದೇ ಸಮ ಹಂಚಿಕೊಂಡಿರುವುದಿಲ್ಲ. ಕೊನೆ ಇಳಿಸುವ ದಿನಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುವವರು, ಹಂಡೆಯಲ್ಲಿ ಬೇಯಿಸುವವರು, ಅಟ್ಟದ ಮೇಲೆ ಹರವುವವರು ಎಲ್ಲರೂ ಒಟ್ಟಿಗೇ ಬೇಕು. ಸೆಮಿಸ್ಟರ್ ಪರೀಕ್ಷೆಯೂ ಹೆಚ್ಚಾಗಿ ಅದೇ ಹೊತ್ತಿಗೆ ಬಂದು ಕೂರುತ್ತದೆ. ರಾತ್ರಿ ಸುಲಿತ ಮುಗಿಸಿ, ಅಡಿಕೆ ಚೊಗರಿನ ಕಲೆ ಹತ್ತಿದ ಬೆರಳಲ್ಲೇ ಬೆಳಗಿನ ಬಸ್ಸು ಹಿಡಿಯುವ ಮಕ್ಕಳು ಓದನ್ನೂ ದುಡಿಮೆಯನ್ನೂ ಅರ್ಧರ್ಧ ಉಳಿಸಿಕೊಳ್ಳುತ್ತಾರೆ. ಮನೆಯಿಂದಲೇ ಓಡಾಡುವವರ ಖರ್ಚು ಮೇಲಿನ ಲೆಕ್ಕಕ್ಕಿಂತ ಬಹಳ ಕಡಿಮೆ. ಅದರಲ್ಲೂ 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸಾರಿಗೆ ಬಸ್ಸು ಉಚಿತ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ಸರ್ಕಾರದ ವಿದ್ಯಾಸಿರಿ ಯೋಜನೆಯಿಂದ 2024–25ರ ದರದಲ್ಲಿ ತಿಂಗಳಿಗೆ 1,500ರಂತೆ ಹತ್ತು ತಿಂಗಳು, ಅಂದರೆ ವರ್ಷಕ್ಕೆ 15,000 ರೂಪಾಯಿ ಬರುತ್ತದೆ. ಸರ್ಕಾರಿ ಶಾಲೆಯಲ್ಲಿ ಓದಿ ಬಂದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ವಿದ್ಯಾರ್ಥಿವೇತನ ವರ್ಷಕ್ಕೆ 30,000. ಇವು ಕೂಡಿದರೆ ಉಳವಿಯ ಹುಡುಗಿಯ ಬಿ.ಎ.ಗೆ ಮನೆಯ ಪೆಟ್ಟಿಗೆಯಿಂದ ಹೋಗುವ ದುಡ್ಡು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಉಳಿಯುವುದು ವರ್ಷಗಳ ಬೆಲೆ ಮಾತ್ರ.

ಆದಾಯದ ಕಡೆಗೆ ಬಂದರೆ, ಹಲವು ವಿಷಯದ ಪದವಿಯ ಬೆಲೆಯನ್ನು ಬಹುಮಟ್ಟಿಗೆ ನಿಶ್ಚಯಿಸುವುದು ನೇಮಕಾತಿ ಅಧಿಸೂಚನೆಯ ಒಂದು ಕಾಲಂ: ‘ವಿದ್ಯಾರ್ಹತೆ’. ಅಲ್ಲಿ ‘ಯಾವುದೇ ಪದವಿ’ ಎಂದಿದ್ದರೆ ಇತಿಹಾಸ-ಅರ್ಥಶಾಸ್ತ್ರದ ಬಿ.ಎ.ಗೂ ಮೆಕ್ಯಾನಿಕಲ್ ಎಂಜಿನಿಯರಿಂಗ್‌ಗೂ ಒಂದೇ ಬೆಲೆ. ‘ಸಂಬಂಧಿಸಿದ ವಿಷಯದಲ್ಲಿ’ ಎಂಬ ಎರಡು ಪದ ಸೇರಿಕೊಂಡ ಕೂಡಲೇ ಚಿತ್ರ ಬದಲಾಗುತ್ತದೆ.

ಮೊದಲನೆಯದಕ್ಕೆ ಒಳ್ಳೆಯ ಉದಾಹರಣೆ ತಾಲ್ಲೂಕು ಕಚೇರಿಯಲ್ಲೇ ಇದೆ. ದ್ವಿತೀಯ ದರ್ಜೆ ಸಹಾಯಕರ (ಎಸ್‌ಡಿಎ) ಹುದ್ದೆಗೆ ಪಿಯುಸಿ ಸಾಕು, ಪ್ರಥಮ ದರ್ಜೆಗೆ (ಎಫ್‌ಡಿಎ) ಯಾವುದಾದರೂ ಪದವಿ ಬೇಕು. ಏಳನೇ ರಾಜ್ಯ ವೇತನ ಆಯೋಗದ ಪರಿಷ್ಕರಣೆ 2024ರ ಆಗಸ್ಟ್ 1ರಿಂದ ಜಾರಿಯಾದ ಮೇಲೆ ಎಸ್‌ಡಿಎ ಮೂಲವೇತನ 34,100ರಿಂದಲೂ ಎಫ್‌ಡಿಎ ಮೂಲವೇತನ 44,425ರಿಂದಲೂ ಆರಂಭ. ಅಕ್ಕಪಕ್ಕದ ಎರಡು ಮೇಜು, ನಡುವಿನ ಅಂತರ ತಿಂಗಳಿಗೆ 10,325, ವರ್ಷಕ್ಕೆ 1,23,900 ರೂಪಾಯಿ. ಪದವಿಗೆಂದು ಬಿಟ್ಟ 3,72,000ವನ್ನು ಈ ಅಂತರದಿಂದ ಭಾಗಿಸಿದರೆ ಹೆಚ್ಚುಕಡಿಮೆ ಮೂರು ವರ್ಷ. ಮೂರು ವರ್ಷದ ಓದಿನ ಸಾಲ ಮೂರು ವರ್ಷದ ನೌಕರಿಯಲ್ಲಿ ತೀರಿದಂತೆ. ಪಿಯುಸಿ ಮುಗಿಸಿದ ಕೂಡಲೇ ಎಸ್‌ಡಿಎ ಕೆಲಸ ಸಿಕ್ಕೇಬಿಡುವ ಅಪರೂಪದವರಿಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ, ಅವರು ಬಿಟ್ಟುಕೊಡಬೇಕಾದದ್ದು ದಿನಗೂಲಿಯಲ್ಲ, ಮೂರು ವರ್ಷದ ಸಂಬಳ.

ಹುದ್ದೆಗಳು ಬೆರಳೆಣಿಕೆ, ಅರ್ಜಿಗಳು ರಾಶಿ. ಆದ್ದರಿಂದ ಅಂತರವನ್ನು ಅದು ದಕ್ಕುವ ಸಂಭವದಿಂದ ಗುಣಿಸಲೇಬೇಕು. ಇಪ್ಪತ್ತು ಜನರಲ್ಲಿ ಒಬ್ಬರಿಗೆ ಸಿಗುತ್ತದೆ ಎಂದುಕೊಂಡರೂ 10,325 ರೂಪಾಯಿಯ ನಿರೀಕ್ಷಿತ ಬೆಲೆ ತಿಂಗಳಿಗೆ ಐನೂರು ಚಿಲ್ಲರೆಗೆ ಇಳಿಯುತ್ತದೆ. ಕೋಚಿಂಗ್ ಕೇಂದ್ರಗಳ ಫಲಕದ ಮೇಲೆ ಆಯ್ಕೆಯಾದವರ ಫೋಟೋ ಇರುತ್ತದೆ, ಉಳಿದ ಹತ್ತೊಂಬತ್ತು ಮಂದಿಯದು ಇರುವುದಿಲ್ಲ. ಪದವಿಯ ಬೆಲೆಯನ್ನು ಫಲಕ ನೋಡಿ ಅಳೆಯುವ ಮನೆಗಳು ಮೋಸ ಹೋಗುವುದು ಇಲ್ಲಿಯೇ.

ಹಾಗಿದ್ದೂ ಸ್ಪರ್ಧಾತ್ಮಕ ಪರೀಕ್ಷೆಗೆ ಹಲವು ವಿಷಯದ ಓದು ನಿಜಕ್ಕೂ ನೆರವಾಗುತ್ತದೆ. ಇತಿಹಾಸ, ಸಂವಿಧಾನ, ಅರ್ಥವ್ಯವಸ್ಥೆ ಸಾಮಾನ್ಯ ಜ್ಞಾನದ ಬೆನ್ನೆಲುಬು. ಎಚ್‌ಇಪಿ ವಿದ್ಯಾರ್ಥಿ ಅದನ್ನು ತರಗತಿಯಲ್ಲೇ ಓದಿರುತ್ತಾನೆ. ಆದರೆ ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಮುಖ್ಯ ಪರೀಕ್ಷೆಯ ಅಂಕಗಳನ್ನು ನೋಡಿ. ಲಿಖಿತ 1,750 ಅಂಕಗಳಲ್ಲಿ ನಾಲ್ಕು ಸಾಮಾನ್ಯ ಅಧ್ಯಯನ ಪತ್ರಿಕೆಗೆ 1,000, ಪ್ರಬಂಧಕ್ಕೆ 250, ಅಭ್ಯರ್ಥಿ ಆರಿಸಿಕೊಂಡ ಒಂದೇ ವಿಷಯಕ್ಕೆ 500. ಅಗಲಕ್ಕೆ ಹೆಚ್ಚು ಅಂಕ ಇದೆ, ಆಳಕ್ಕೂ ಮೀಸಲಿನ ಜಾಗವಿದೆ. ಯಾವ ವಿಷಯದಲ್ಲೂ ಆಳಕ್ಕೆ ಇಳಿಯದವರಿಗೆ ಆ 500 ಅಂಕ ಕೈಗೆಟುಕುವುದು ಕಷ್ಟ.

‘ಸಂಬಂಧಿಸಿದ ವಿಷಯ’ ಎಂಬ ಬಾಗಿಲಲ್ಲಿ ಅಪಾಯ ಹೆಚ್ಚು. ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕರಾಗಲು ಆ ವಿಷಯದಲ್ಲಿ ಶೇ 55 ಅಂಕದ ಸ್ನಾತಕೋತ್ತರ ಪದವಿಯ ಜತೆಗೆ ಸಾಮಾನ್ಯವಾಗಿ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಶಾಲಾ ಶಿಕ್ಷಕರ ನೇಮಕಾತಿಯಲ್ಲಿ ಪದವಿಯಲ್ಲಿ ಯಾವ ವಿಷಯಗಳನ್ನು ಎಷ್ಟು ವರ್ಷ ಓದಿದ್ದೀರಿ ಎಂದು ಅಂಕಪಟ್ಟಿ ಇಟ್ಟುಕೊಂಡು ನೋಡುತ್ತಾರೆ. ಹೆಸರಲ್ಲೇ ಅಂತರ್‌ಶಿಸ್ತೀಯವಾಗಿರುವ ಹೊಸ ಪದವಿಗಳಿಗೆ ಇಲ್ಲಿ ತೊಡಕು ಬರುತ್ತದೆ. ‘ಅಭಿವೃದ್ಧಿ ಅಧ್ಯಯನ’ ಅರ್ಥಶಾಸ್ತ್ರಕ್ಕೆ ಸಮವೇ ಎಂಬ ಪ್ರಶ್ನೆಗೆ ಉತ್ತರ ಕೊಡುವವನು ಅದನ್ನು ಕಲಿಸಿದ ಪ್ರಾಧ್ಯಾಪಕನಲ್ಲ, ದಾಖಲೆ ಪರಿಶೀಲಿಸುವ ಗುಮಾಸ್ತ. ಸೇರುವ ಮೊದಲೇ ವಿಶ್ವವಿದ್ಯಾಲಯದಿಂದ ತತ್ಸಮಾನತೆಯ ಬಗ್ಗೆ ಲಿಖಿತ ಉತ್ತರ ಪಡೆಯುವುದು ಮೂರು ವರ್ಷದ ನಂತರದ ಕಣ್ಣೀರನ್ನು ತಪ್ಪಿಸುತ್ತದೆ.

ಎರಡು ಶಿಸ್ತನ್ನು ಹೆಣೆದೂ ಕೊನೆಗೆ ಒಂದು ವೃತ್ತಿಯ ಗೂಟಕ್ಕೆ ಕಟ್ಟಿದ ಪದವಿಗಳ ಕಥೆ ಬೇರೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಿಂದ ಇದೆ. ಅಲ್ಲಿನ ಸಂಯೋಜಿತ ಬಿ.ಎ. ಬಿ.ಇಡಿ., ಬಿ.ಎಸ್ಸಿ. ಬಿ.ಇಡಿ. ನಾಲ್ಕು ವರ್ಷದವು. ಬೇರೆ ಬೇರೆಯಾಗಿ ಓದಿದರೆ ಮೂರು ವರ್ಷದ ಪದವಿ, ಎರಡು ವರ್ಷದ ಬಿ.ಇಡಿ., ಒಟ್ಟು ಐದು. ಉಳಿದ ಆ ಒಂದು ವರ್ಷವೇ, ಮೇಲಿನ ಲೆಕ್ಕದಲ್ಲಿ, 74,000 ಕೂಲಿ ಮತ್ತು 50,000 ಊಟ-ವಸತಿ ಸೇರಿ 1,24,000 ರೂಪಾಯಿ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಐದು ವರ್ಷದ ಬಿ.ಎ. ಎಲ್‌ಎಲ್‌.ಬಿ. ಸಹ ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರವನ್ನು ಕಾನೂನಿನ ಜತೆ ಹೆಣೆದ ಪದವಿ. ದೇಶದ ದೊಡ್ಡ ಸಂಬಳದ ಕೆಲಸಗಳಿಗೆ ಅದು ದಾರಿ. ಉಳವಿಗೆ ಹತ್ತಿರದಲ್ಲೇ, ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಕೆಳದಿ ಶಿವಪ್ಪನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ನಾಲ್ಕು ವರ್ಷದ ಬಿ.ಎಸ್ಸಿ. ಕೃಷಿಯಲ್ಲಿ ಮಣ್ಣು, ಕೀಟ, ಸಸ್ಯರೋಗ, ಅರ್ಥಶಾಸ್ತ್ರ, ವಿಸ್ತರಣೆ, ಯಂತ್ರ ಎಲ್ಲವೂ ಬರುತ್ತವೆ. ಅದನ್ನು ಯಾರೂ ಅಂತರ್‌ಶಿಸ್ತೀಯ ಎಂದು ಕರೆಯುವುದಿಲ್ಲ, ಆದರೆ ಅಕ್ಷರಶಃ ಅದು ಹಾಗೆಯೇ. ಕೃಷಿ ಅಧಿಕಾರಿ ಹುದ್ದೆಗೆ ಮುಖ್ಯವಾಗಿ ಕೇಳುವುದು ಇದೇ ಪದವಿಯನ್ನು. ಅಗಲವಾದ ಓದಿಗೆ ಬೆಲೆಯಿಲ್ಲ ಎಂಬ ಮಾತನ್ನು ಈ ಮೂರೂ ಸುಳ್ಳು ಮಾಡುತ್ತವೆ.

ಸಂಬಳವೇ ಆದಾಯದ ಏಕೈಕ ರೂಪವಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಸಮೀಪದ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ಬೆಳೆದ ‘ಚರಕ’ ಮಹಿಳಾ ಸಹಕಾರ ಸಂಘ ಕೈಮಗ್ಗದ ಬಟ್ಟೆಗೆ ನೈಸರ್ಗಿಕ ಬಣ್ಣ ಹಾಕುತ್ತದೆ. ಅಡಿಕೆ ಬೇಯಿಸಿ ಉಳಿದ ಚೊಗರು ಅಲ್ಲಿ ಬಣ್ಣ. ಒಂದು ಅಂಗಿಬಟ್ಟೆ ಅಂಗಡಿ ತಲುಪುವ ಮೊದಲು ಬಣ್ಣ ನೂಲಿಗೆ ಕಚ್ಚುವ ರಸಾಯನ ತಿಳಿದಿರಬೇಕು, ನೇಯ್ಗೆ ಗೊತ್ತಿರಬೇಕು, ಸಹಕಾರ ಕಾಯ್ದೆಯಂತೆ ಲೆಕ್ಕಪತ್ರ ಇಡಬೇಕು, ನಗರದ ಗಿರಾಕಿಗೆ ನಾಲ್ಕು ಸಾಲಲ್ಲಿ ಅದರ ಕಥೆ ಹೇಳಬೇಕು. ಇವುಗಳಲ್ಲಿ ಎರಡನ್ನಾದರೂ ಬಲ್ಲ ಪದವೀಧರೆ ಇಂಥ ಕಡೆ ಇಬ್ಬರ ಕೆಲಸ ಮಾಡಬಲ್ಲಳು. ರೈತ ಉತ್ಪಾದಕ ಸಂಸ್ಥೆ, ಸಹಕಾರ ಸಂಘ, ಸ್ವಂತ ತೋಟದ ವ್ಯವಹಾರ ಎಲ್ಲದರಲ್ಲೂ ಹೀಗೆಯೇ. ಇಲ್ಲಿ ಸಿಗುವ ಹಣ ಮೊದಮೊದಲು ಕಡಿಮೆ, ಏರುವುದೂ ನಿಧಾನ. ಆದರೆ ಊರು ಬಿಡಬೇಕಿಲ್ಲ, ಬೆಂಗಳೂರಿನ ಬಾಡಿಗೆ ಕಟ್ಟಬೇಕಿಲ್ಲ ಎಂಬುದು ಆದಾಯದ ಲೆಕ್ಕಕ್ಕೇ ಸೇರುತ್ತದೆ.

ಪದವಿಗೂ ಕೆಲಸಕ್ಕೂ ನಡುವಿನ ಖಾಲಿ ಸಮಯ ಇನ್ನೊಂದು ಬಾಬ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2024ರ ಭಾರತ ಉದ್ಯೋಗ ವರದಿಯಂತೆ, 2022ರಲ್ಲಿ ದೇಶದ ಪದವೀಧರ ಯುವಜನರಲ್ಲಿ ನಿರುದ್ಯೋಗ ಶೇ 29.1. ಓದು ಬರಹ ಬಾರದ ಯುವಜನರಲ್ಲಿ ಶೇ 3.4. ಓದಿದ್ದರಿಂದ ಕೆಲಸ ಹೋಯಿತು ಎಂದು ಇದರ ಅರ್ಥವಲ್ಲ. ಓದಿದವರು ಸಿಕ್ಕಿದ ಕೂಲಿಗೆ ಹೋಗದೆ ಕಾಯುತ್ತಾರೆ, ಕಾಯುವ ಪ್ರತಿ ತಿಂಗಳಿಗೂ ಬೆಲೆಯಿದೆ. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಕೊಡುವ ರಾಜ್ಯ ಸರ್ಕಾರದ ಯುವನಿಧಿ ಯೋಜನೆಗೆ 2024ರ ಜನವರಿ 12ರಂದು ಚಾಲನೆ ಸಿಕ್ಕಿದ್ದು ಶಿವಮೊಗ್ಗದಲ್ಲೇ. ಪದವಿ ಮುಗಿದು 180 ದಿನ ಕೆಲಸ ಸಿಗದವರಿಗೆ, ಹೆಚ್ಚೆಂದರೆ ಎರಡು ವರ್ಷ. ಒಟ್ಟು 72,000 ರೂಪಾಯಿ, ಅಂದರೆ 200 ದಿನದ ಕೂಲಿಗಿಂತ ಸ್ವಲ್ಪ ಕಡಿಮೆ. ಎರಡು ವರ್ಷದ ಕಾಯುವಿಕೆಯ ಅರ್ಧವನ್ನೂ ಅದು ತುಂಬುವುದಿಲ್ಲ.

ಬೇರೆ ರಾಜ್ಯದ ಅಥವಾ ಖಾಸಗಿ ವಿಶ್ವವಿದ್ಯಾಲಯಗಳ ಅಂತರ್‌ಶಿಸ್ತೀಯ ಪದವಿಗೆ ಸಾಲ ಮಾಡಿ ಹೋಗುವವರ ಲೆಕ್ಕ ಇನ್ನೂ ಬಿಗಿ. ಆರು ಲಕ್ಷ ಸಾಲ, ಶೇ 10 ಬಡ್ಡಿ, ಹತ್ತು ವರ್ಷದ ಅವಧಿ ಎಂದರೆ ತಿಂಗಳ ಕಂತು ಸುಮಾರು 7,930 ರೂಪಾಯಿ. ಕೊನೆಗೆ ಕಟ್ಟುವುದು ಒಟ್ಟು ಒಂಬತ್ತೂವರೆ ಲಕ್ಷ. ಓದುವ ಅವಧಿಯಲ್ಲೂ ಬಡ್ಡಿ ಬೆಳೆಯುತ್ತದೆ ಎಂಬುದನ್ನು ಇದಕ್ಕೆ ಕೂಡಿಸಬೇಕು. ತಿಂಗಳಿಗೆ 20,000ದ ಮೊದಲ ಕೆಲಸದಲ್ಲಿ ಈ ಕಂತು ಸಂಬಳದ ಐದರಲ್ಲಿ ಎರಡು ಪಾಲು ನುಂಗುತ್ತದೆ. ವಿದ್ಯಾರ್ಥಿವೇತನ ಸಿಕ್ಕರೆ ಇಂಥ ಕಡೆ ಹೋಗುವುದು ಸರಿ. ತೋಟ ಅಡ ಇಟ್ಟು, ಹೆಸರೇ ಅಧಿಸೂಚನೆಯಲ್ಲಿಲ್ಲದ ಪದವಿ ಕೊಳ್ಳುವುದು ತಪ್ಪು.

ಉಳಿದದ್ದು ಆನರ್ಸ್‌ನ ನಾಲ್ಕನೆಯ ವರ್ಷ. ಅದಕ್ಕೆ 1,24,000 ರೂಪಾಯಿ ಬೀಳುತ್ತದೆ ಎನ್ನೋಣ. ಆನರ್ಸ್‌ನಿಂದ ತಿಂಗಳಿಗೆ 2,000 ಹೆಚ್ಚು ಸಿಕ್ಕರೆ ಶೇ 8 ಬಡ್ಡಿ ಲೆಕ್ಕದಲ್ಲಿ ಹಾಕಿದ ಹಣ ಮರಳಲು ಸುಮಾರು ಏಳು ವರ್ಷ, 4,000 ಹೆಚ್ಚು ಸಿಕ್ಕರೆ ಮೂರು ವರ್ಷ ಬೇಕು. ಮೂರು ವರ್ಷದ ಪದವಿಯಿಂದಲೇ ಎಫ್‌ಡಿಎ ಪರೀಕ್ಷೆ ಬರೆಯಬಹುದಾದ್ದರಿಂದ, ಸರ್ಕಾರಿ ನೌಕರಿಯನ್ನೇ ನೆಚ್ಚಿದವರಿಗೆ ಆ ವರ್ಷದಿಂದ ಏನೂ ದಕ್ಕುವುದಿಲ್ಲ. ಎಂ.ಎ. ಮಾಡಲೇಬೇಕೆಂದವರಿಗೆ ಮಾತ್ರ ಲೆಕ್ಕ ಬೇರೆ. ಮೂರಕ್ಕೆ ಎರಡು ಸೇರಿದರೂ ಐದು, ನಾಲ್ಕಕ್ಕೆ ಒಂದು ಸೇರಿದರೂ ಐದು. ವಿಶ್ವವಿದ್ಯಾಲಯ ಒಂದು ವರ್ಷದ ಸ್ನಾತಕೋತ್ತರ ಕೋರ್ಸ್ ನಡೆಸುತ್ತಿದ್ದರೆ ಅವರಿಗೆ ನಾಲ್ಕನೆಯ ವರ್ಷ ಹೆಚ್ಚುವರಿ ಖರ್ಚಲ್ಲ. ಶೇ 75 ಅಂಕ ಬಂದವರಿಗೆ ಯುಜಿಸಿ ನಿಯಮದಂತೆ ಎಂ.ಎ. ಇಲ್ಲದೆಯೇ ನೆಟ್ ಬರೆದು ಪಿಎಚ್‌.ಡಿ.ಗೆ ಹೋಗುವ ದಾರಿಯೂ ತೆರೆಯುತ್ತದೆ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ನಾಲ್ಕನೆಯ ವರ್ಷದ ಈ ಆಯ್ಕೆ ಇರುವುದು 2023–24ರಲ್ಲಿ ಸೇರಿದವರ ತನಕ. ಅವರ ನಾಲ್ಕನೆಯ ವರ್ಷ 2026–27.